ಸಿಐಎ ಹುಡುಕಿದ ವಶೀಕರಣದ ಮದ್ದು

ಪ್ರಶ್ನೆ: ಡಾಕ್ಟರೇ, ನನ್ನ ತಮ್ಮನಿಗೆ 26 ವರ್ಷ. ಆರು ತಿಂಗಳಿಂದ ಒಂದೇ ವಿಷಯ ಹೇಳುತ್ತಿದ್ದಾನೆ. ಅಮೆರಿಕದ ಸರ್ಕಾರ ಜನರಿಗೆ ಗೊತ್ತಾಗದ ಹಾಗೆ ಔಷಧಿ ಕೊಟ್ಟು ಅವರ ಮನಸ್ಸನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಪ್ರಯೋಗ ಮಾಡಿತ್ತಂತೆ, ಅದಕ್ಕೆ ದಾಖಲೆಗಳೂ ಇವೆಯಂತೆ. ಈಗ ನಮ್ಮೂರಿನ ಮೊಬೈಲ್ ಟವರ್‌ನಿಂದ ತನ್ನ ಮೇಲೂ ಅದೇ ನಡೆಯುತ್ತಿದೆ ಅನ್ನುತ್ತಾನೆ. ನಾವು ನಕ್ಕರೆ ಸಿಟ್ಟಾಗಿ ರೂಮಿನ ಬಾಗಿಲು ಹಾಕಿಕೊಳ್ಳುತ್ತಾನೆ. ಇದರಲ್ಲಿ ನಿಜ ಎಷ್ಟು? ಅವನಿಗೆ ಏನು ಹೇಳಬೇಕು?
— ಒಬ್ಬ ಅಕ್ಕ, ಹಾಸನ ಜಿಲ್ಲೆ

ಉತ್ತರ: ಮೊದಲನೆಯದಾಗಿ, ನಗಬೇಡಿ ಅಮ್ಮಾ. ನಿಮ್ಮ ತಮ್ಮ ಹೇಳುವುದರಲ್ಲಿ ಮೊದಲ ಅರ್ಧ ನಿಜ. ಎರಡನೇ ಅರ್ಧ ನಿಜವಲ್ಲ. ನಿಜ ಇರುವುದನ್ನೂ ಮನೆಯವರು ಸುಳ್ಳು ಅಂದುಬಿಟ್ಟರೆ, ಉಳಿದ ಅರ್ಧದ ಬಗ್ಗೆ ನೀವು ಏನು ಹೇಳಿದರೂ ಅವನ ಕಿವಿಗೆ ಬೀಳುವುದಿಲ್ಲ. ಹಾಗಾಗಿ ನಡೆದದ್ದೇನು ಅನ್ನುವುದನ್ನು ಮೊದಲು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ. ಮೂವತ್ತು ವರ್ಷಕ್ಕೂ ಜಾಸ್ತಿ ಮನೋವೈದ್ಯನಾಗಿ ಕೆಲಸ ಮಾಡಿದವನು ನಾನು. ಈ ಕಥೆಯಲ್ಲಿ ತಪ್ಪು ಮಾಡಿದವರಲ್ಲಿ ಬಹಳ ಜನ ನನ್ನ ವೃತ್ತಿಯವರೇ. ಅದಕ್ಕೇ ಇದು ನನಗೆ ಯಾವುದೋ ದೇಶದ ಹಳೆಯ ಸುದ್ದಿ ಅನ್ನಿಸುವುದಿಲ್ಲ.

ಆ ಯೋಜನೆಯ ಹೆಸರು ಎಂಕೆ-ಅಲ್ಟ್ರಾ. ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎಯ ಮುಖ್ಯಸ್ಥ ಅಲೆನ್ ಡಲಸ್ 1953ರ ಏಪ್ರಿಲ್ 13ರಂದು ಅದಕ್ಕೆ ಒಪ್ಪಿಗೆ ಕೊಟ್ಟರು. ಕೆಲಸ ಅದಕ್ಕೂ ಮೊದಲೇ ಶುರುವಾಗಿತ್ತು. 1950ರಲ್ಲಿ ಬ್ಲೂಬರ್ಡ್ ಅಂತ ಒಂದು ಯೋಜನೆ, ಮಾರನೇ ವರ್ಷ ಅದಕ್ಕೇ ಆರ್ಟಿಚೋಕ್ ಅಂತ ಹೊಸ ಹೆಸರು. ಅಮಲು ಬರಿಸುವ ಔಷಧಿ, ಸಮ್ಮೋಹನ, ಎರಡನ್ನೂ ಸೇರಿಸಿ ಶತ್ರು ಕಡೆಯ ಬೇಹುಗಾರರ ಬಾಯಿ ಬಿಡಿಸಬಹುದಾ ಅಂತ ನೋಡುತ್ತಿದ್ದರು. 1952ರ ಒಂದು ಟಿಪ್ಪಣಿಯಲ್ಲಿ ಅವರ ಪ್ರಶ್ನೆ ನೇರವಾಗಿಯೇ ಇದೆ. ಒಬ್ಬ ಮನುಷ್ಯ ತನಗೆ ಇಷ್ಟವಿಲ್ಲದಿದ್ದರೂ, ತನ್ನ ಪ್ರಾಣಕ್ಕೇ ಕುತ್ತು ಬಂದರೂ, ನಾವು ಹೇಳಿದ್ದನ್ನು ಮಾಡುವ ಹಾಗೆ ಅವನನ್ನು ಹಿಡಿತಕ್ಕೆ ತರಬಹುದಾ ಅನ್ನುವುದು ಆ ಪ್ರಶ್ನೆ. ನಮ್ಮ ಮಾತಿನಲ್ಲಿ ಇದು ವಶೀಕರಣ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಜ್ಯೋತಿಷಿಗಳು ಅಂಟಿಸುವ ಪೋಸ್ಟರಿನಲ್ಲಿ ಇರುತ್ತದಲ್ಲ, ಅದೇ. ಅದನ್ನೇ ಒಂದು ದೊಡ್ಡ ದೇಶದ ಸರ್ಕಾರ ಪ್ರಯೋಗಾಲಯದಲ್ಲಿ ಹುಡುಕಲು ಹೊರಟಿತ್ತು.

ಹೊರಟಿದ್ದು ಭಯದಿಂದ. ಅದು ಕೊರಿಯಾ ಯುದ್ಧದ ಕಾಲ. ಸೆರೆ ಸಿಕ್ಕ ಅಮೆರಿಕದ ಪೈಲಟ್‌ಗಳು ರೇಡಿಯೋದಲ್ಲಿ, ಫಿಲ್ಮಿನಲ್ಲಿ ತಮ್ಮ ದೇಶದ ವಿರುದ್ಧವೇ ಹೇಳಿಕೆ ಕೊಡುತ್ತಿದ್ದರು. ಯುದ್ಧ ನಿಂತ ಮೇಲೆ 21 ಜನ ಅಮೆರಿಕನ್ ಸೈನಿಕರು ಮನೆಗೆ ಬರುವುದೇ ಇಲ್ಲ ಅಂದರು. ‘ಬ್ರೈನ್‌ವಾಶ್’ ಅನ್ನುವ ಪದ ಇಂಗ್ಲಿಷಿನಲ್ಲಿ ಬಳಕೆಗೆ ಬಂದದ್ದು ಅದೇ ಹೊತ್ತಿಗೆ. ಚೀನಾ, ರಷ್ಯಾದವರ ಹತ್ತಿರ ಏನೋ ಗುಟ್ಟಿನ ಮದ್ದು ಇದೆ, ನಾವು ಹಿಂದೆ ಬೀಳಬಾರದು ಅಂತ ಸಿಐಎ ನಂಬಿತು. ಎಂಕೆ-ಅಲ್ಟ್ರಾಕ್ಕೆ ಸಹಿ ಹಾಕುವ ಮೂರು ದಿನ ಮೊದಲು ಡಲಸ್ ಒಂದು ಭಾಷಣ ಮಾಡಿದರು. ಶತ್ರುಗಳು ಮಿದುಳಿನ ಯುದ್ಧ ನಡೆಸುತ್ತಿದ್ದಾರೆ ಅಂತ ಅದರಲ್ಲಿ ಎಚ್ಚರಿಕೆ ಕೊಟ್ಟರು. ತಮ್ಮವರೂ ಅದನ್ನೇ ಮಾಡಲಿದ್ದಾರೆ ಅಂತ ಹೇಳಲಿಲ್ಲ.

ಯೋಜನೆಯ ಹೊಣೆ ಹೊತ್ತವರು ಸಿಡ್ನಿ ಗಾಟ್ಲೀಬ್, ರಸಾಯನಶಾಸ್ತ್ರಜ್ಞ. ಅವರಿಗೆ ಜಾಸ್ತಿ ಆಸೆ ಇದ್ದದ್ದು ಎಲ್‌ಎಸ್‌ಡಿ ಅನ್ನುವ, ಭ್ರಮೆ ಬರಿಸುವ ಔಷಧಿಯ ಮೇಲೆ. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯಲ್ಲಿ ಆಲ್ಬರ್ಟ್ ಹಾಫ್‌ಮನ್ ಅದನ್ನು 1938ರಲ್ಲಿ ತಯಾರಿಸಿದ್ದರು. ಅದು ಮನಸ್ಸಿನ ಮೇಲೆ ಏನು ಮಾಡುತ್ತದೆ ಅಂತ ಅವರಿಗೇ ಗೊತ್ತಾದದ್ದು 1943ರಲ್ಲಿ. ಬಣ್ಣ ಇಲ್ಲ, ವಾಸನೆ ಇಲ್ಲ. ಒಂದು ಗ್ರಾಂನ ಹತ್ತು ಸಾವಿರದಲ್ಲಿ ಒಂದು ಪಾಲು ಸಾಕು, ಎದುರಿನ ಗೋಡೆ ಅಲೆಯಾಡುತ್ತದೆ, ಗಂಟೆಗಟ್ಟಲೆ ಹೊತ್ತಿನ ಲೆಕ್ಕ ತಪ್ಪುತ್ತದೆ. ಕೆಲವರಿಗೆ ಹುಚ್ಚು ಹಿಡಿದಂತಾಗುತ್ತದೆ. ಇಂಥದ್ದನ್ನು ಯಾರ ಲೋಟಕ್ಕಾದರೂ ಹಾಕಬಹುದು. ಹಾಕಿದರು ಕೂಡ.

ಫ್ರಾಂಕ್ ಓಲ್ಸನ್ ಹೆಸರನ್ನು ನಿಮ್ಮ ತಮ್ಮ ಹೇಳಿರಬಹುದು. ಅವರು ಮೇರಿಲ್ಯಾಂಡಿನ ಕ್ಯಾಂಪ್ ಡೆಟ್ರಿಕ್‌ನಲ್ಲಿ ಸೈನ್ಯದ ಜೈವಿಕ ಅಸ್ತ್ರಗಳ ವಿಭಾಗದ ವಿಜ್ಞಾನಿ. 1953ರ ನವೆಂಬರ್‌ನಲ್ಲಿ ಡೀಪ್ ಕ್ರೀಕ್ ಲೇಕ್ ಅನ್ನುವ ಕಡೆ, ಕಾಡಿನ ನಡುವಿನ ಒಂದು ಮನೆಯಲ್ಲಿ, ಡೆಟ್ರಿಕ್‌ನವರೂ ಸಿಐಎಯವರೂ ಸೇರಿದ್ದರು. 19ನೇ ತಾರೀಕು ರಾತ್ರಿ ಊಟವಾದ ಮೇಲೆ ಹೆಚ್ಚಿನವರ ಗ್ಲಾಸಿಗೆ ಮದ್ಯ ಬಗ್ಗಿಸಿದರು. ಆ ಬಾಟಲಿಗೆ ಎಲ್‌ಎಸ್‌ಡಿ ಬೆರೆಸಿತ್ತು. ಕುಡಿದು ಇಪ್ಪತ್ತು ನಿಮಿಷ ಆದ ಮೇಲೆ ಗಾಟ್ಲೀಬ್ ವಿಷಯ ಹೇಳಿದರು. ಕುಡಿದವರು ಅವರ ಸಹೋದ್ಯೋಗಿಗಳೇ, ಅದೂ ವಿಜ್ಞಾನಿಗಳು. ಅವರನ್ನೂ ಕೇಳಬೇಕು ಅಂತ ಅನ್ನಿಸಲಿಲ್ಲ.

ಓಲ್ಸನ್ ಮನೆಗೆ ಬಂದಾಗ ಮಂಕಾಗಿದ್ದರು. ತಾನು ದೊಡ್ಡ ತಪ್ಪು ಮಾಡಿಬಿಟ್ಟೆ ಅಂತ ಹೆಂಡತಿಗೆ ಹೇಳಿದರು, ಕೆಲಸ ಬಿಡುತ್ತೇನೆ ಅಂದರು. ದಿನ ಕಳೆದ ಹಾಗೆ ಅನುಮಾನ, ಭಯ ಹೆಚ್ಚಾಯಿತು. ಆಗ ಸಿಐಎಯವರು ಅವರನ್ನು ನ್ಯೂಯಾರ್ಕಿಗೆ ಕರೆದುಕೊಂಡು ಹೋಗಿ ಹೆರಾಲ್ಡ್ ಅಬ್ರಾಂಸನ್ ಅನ್ನುವ ವೈದ್ಯರಿಗೆ ತೋರಿಸಿದರು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಬ್ರಾಂಸನ್ ಮನೋವೈದ್ಯರಲ್ಲ, ಅಲರ್ಜಿ ತಜ್ಞರು. ಎಲ್‌ಎಸ್‌ಡಿ ಬಗ್ಗೆ ಸಿಐಎ ಪರವಾಗಿ ಕೆಲಸ ಮಾಡುತ್ತಿದ್ದರು, ಗುಟ್ಟು ಹೊರಗೆ ಹೋಗುವುದಿಲ್ಲ ಅನ್ನುವ ನಂಬಿಕೆ ಇತ್ತು. ಒಬ್ಬ ಮನುಷ್ಯನಿಗೆ ಬುದ್ಧಿ ಕಲಕಿದಾಗ ಅವನಿಗೆ ಬೇಕಾದ ಡಾಕ್ಟರನ್ನು ಹುಡುಕಲಿಲ್ಲ, ಗುಟ್ಟಿಗೆ ಬೇಕಾದ ಡಾಕ್ಟರನ್ನು ಹುಡುಕಿದರು. ನವೆಂಬರ್ 28ರ ನಸುಕಿನಲ್ಲಿ ಸ್ಟಾಟ್ಲರ್ ಹೋಟೆಲಿನ 1018ಎ ನಂಬರಿನ ರೂಮಿನ ಕಿಟಕಿಯಿಂದ ಓಲ್ಸನ್ ಕೆಳಗಿನ ಬೀದಿಗೆ ಬಿದ್ದು ಸತ್ತರು. ರೂಮಿನಲ್ಲಿ ಅವರ ಜೊತೆ ಇದ್ದದ್ದು ಗಾಟ್ಲೀಬ್ ಅವರ ಸಹಾಯಕ ರಾಬರ್ಟ್ ಲ್ಯಾಶ್‌ಬ್ರೂಕ್.

ಮನೆಯವರಿಗೆ ಹೇಳಿದ್ದು ಇಷ್ಟೇ: ಬಿದ್ದರು, ಇಲ್ಲವೇ ಹಾರಿದರು. ಎಲ್‌ಎಸ್‌ಡಿ ಸುದ್ದಿಯೇ ಇಲ್ಲ. ಇಪ್ಪತ್ತೆರಡು ವರ್ಷ ಆ ಹೆಂಡತಿ, ಮೂರು ಮಕ್ಕಳು ಅಷ್ಟನ್ನೇ ಇಟ್ಟುಕೊಂಡು ಬದುಕಿದರು. 1975ರಲ್ಲಿ, ಸಿಐಎಯ ಅಕ್ರಮಗಳನ್ನು ತನಿಖೆ ಮಾಡಿದ ರಾಕ್‌ಫೆಲ್ಲರ್ ಆಯೋಗದ ವರದಿಯಲ್ಲಿ, ಗೊತ್ತಿಲ್ಲದೆ ಎಲ್‌ಎಸ್‌ಡಿ ಕುಡಿದು ಸತ್ತ ಒಬ್ಬ ವಿಜ್ಞಾನಿಯ ವಿಷಯ ಬಂತು, ಹೆಸರಿಲ್ಲದೆ. ಓದಿದ ಕೂಡಲೇ ಅದು ಯಾರು ಅಂತ ಮನೆಯವರಿಗೆ ಗೊತ್ತಾಯಿತು. ಅಮೆರಿಕದ ಅಧ್ಯಕ್ಷ ಫೋರ್ಡ್ ಆ ಮನೆಯವರನ್ನು ಕರೆಸಿ ಕ್ಷಮೆ ಕೇಳಿದರು. ಮುಂದೆ 7,50,000 ಡಾಲರ್ ಪರಿಹಾರವೂ ಸಿಕ್ಕಿತು. ಆದರೂ ಮಕ್ಕಳ ಮನಸ್ಸಿಗೆ ಸಮಾಧಾನವಾಗಲಿಲ್ಲ. 1994ರಲ್ಲಿ ತಂದೆಯ ಶವವನ್ನು ಹೊರತೆಗೆಸಿ ಮತ್ತೆ ಪರೀಕ್ಷೆ ಮಾಡಿಸಿದರು. ಪರೀಕ್ಷಿಸಿದ ತಜ್ಞರ ತಂಡದ ಮುಖ್ಯಸ್ಥರು ಕೊಲೆಯ ಕಡೆಗೇ ಬೆರಳು ತೋರಿಸಿದರು. 2012ರಲ್ಲಿ ಮಕ್ಕಳು ಸರ್ಕಾರದ ಮೇಲೆ ದಾವೆ ಹಾಕಿದರು, ಮಾರನೇ ವರ್ಷ ಕೋರ್ಟು ಅದನ್ನು ವಜಾ ಮಾಡಿತು. ಅದು ಕೊಲೆ ಅಂತ ಸಾಬೀತಾಗಿಲ್ಲ, ನಾನೂ ಹಾಗೆ ಹೇಳುವುದಿಲ್ಲ. ಕೇಳದೆ ಔಷಧಿ ಕುಡಿಸಿದ್ದು, ಅದನ್ನು ಮುಚ್ಚಿಟ್ಟದ್ದು ಮಾತ್ರ ಸರ್ಕಾರವೇ ಒಪ್ಪಿಕೊಂಡ ಮಾತು.

ಈ ಪ್ರಯೋಗಗಳಿಗೆ ಸಿಕ್ಕಿಬಿದ್ದ ಉಳಿದವರು ಯಾರು ಅಂತ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಹೆಚ್ಚಿನವರು ದೂರು ಕೊಡಲು ಆಗದ ಜನ. ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಮಾದಕ ವ್ಯಸನಿ ಕೈದಿಗಳ ಒಂದು ಸಂಸ್ಥೆ ಇತ್ತು. ಅಲ್ಲಿ ಹ್ಯಾರಿಸ್ ಇಸ್ಬೆಲ್ ಅನ್ನುವ ವೈದ್ಯರು ಕೈದಿಗಳಿಗೆ ಎಲ್‌ಎಸ್‌ಡಿ ಕೊಟ್ಟರು. ಕೆಲವರಿಗೆ ಬಿಡದೆ 77 ದಿನ. ಅವರಲ್ಲಿ ಕಪ್ಪು ಜನರೇ ಜಾಸ್ತಿ. ಪ್ರಯೋಗಕ್ಕೆ ಬಂದವರಿಗೆ ಕೊಡುತ್ತಿದ್ದ ಬಹುಮಾನ ಏನು ಗೊತ್ತಾ? ಅವರು ಯಾವುದಕ್ಕೆ ದಾಸರಾಗಿ ಅಲ್ಲಿಗೆ ಬಂದಿದ್ದರೋ ಅದೇ ಮಾದಕ ವಸ್ತು. ಆ ಕೈದಿಗಳು ಕಾಗದಕ್ಕೆ ಸಹಿ ಹಾಕಿದ್ದರು ನಿಜ. ವ್ಯಸನಿಗೆ ಅಫೀಮಿನ ಆಸೆ ತೋರಿಸಿ ಹಾಕಿಸಿಕೊಂಡ ಸಹಿಯನ್ನು ಒಪ್ಪಿಗೆ ಅನ್ನಲು ನನ್ನಿಂದಾಗದು.

ಸ್ಯಾನ್ ಫ್ರಾನ್ಸಿಸ್ಕೋದ ಕಥೆಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ನಿಮ್ಮ ತಮ್ಮ ನೋಡಿದ ವಿಡಿಯೋಗಳಲ್ಲಿ ಅದೇ ಜಾಸ್ತಿ ಇರುತ್ತದೆ. ಮಾದಕ ವಸ್ತು ನಿಗ್ರಹ ಇಲಾಖೆಯ ಜಾರ್ಜ್ ಹಂಟರ್ ವೈಟ್ ಅನ್ನುವ ಅಧಿಕಾರಿ ಸಿಐಎ ದುಡ್ಡಿನಲ್ಲಿ ಒಂದು ಮನೆ ಮಾಡಿದ್ದ. ಸೂಳೆಗಾರಿಕೆಯಲ್ಲಿದ್ದ ಹೆಂಗಸರು ದುಡ್ಡಿಗಾಗಿ ಗಂಡಸರನ್ನು ಅಲ್ಲಿಗೆ ಕರೆತರುತ್ತಿದ್ದರು. ಅವರ ಪಾನೀಯಕ್ಕೆ ಎಲ್‌ಎಸ್‌ಡಿ ಸೇರುತ್ತಿತ್ತು, ಕನ್ನಡಿಯ ಹಿಂದೆ ಈತ ಕೂತು ನೋಡುತ್ತಿದ್ದ. ವೈದ್ಯರಿಲ್ಲ, ಆಮೇಲೆ ಆ ಜನ ಏನಾದರು ಅಂತ ವಿಚಾರಿಸಿದವರಿಲ್ಲ. ಇದಕ್ಕೆ ವಿಜ್ಞಾನ ಅಂತ ಹೆಸರು ಕೊಡುವುದೇ ತಪ್ಪು.

ನನ್ನನ್ನು ಜಾಸ್ತಿ ಕಾಡುವುದು ಮಾಂಟ್ರಿಯಲ್. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಸೇರಿದ ಆ ಮನೋವೈದ್ಯ ಆಸ್ಪತ್ರೆಯ ಹೆಸರು ಆಲನ್ ಮೆಮೋರಿಯಲ್ ಇನ್‌ಸ್ಟಿಟ್ಯೂಟ್. ಮುಖ್ಯಸ್ಥರು ಡೊನಾಲ್ಡ್ ಯುವೆನ್ ಕ್ಯಾಮರಾನ್. ಯಾವುದೋ ಮೂಲೆಯ ನಕಲಿ ಡಾಕ್ಟರ್ ಅಲ್ಲ. ಅಮೆರಿಕದ ಮನೋವೈದ್ಯರ ಸಂಘಕ್ಕೆ ಅಧ್ಯಕ್ಷರಾಗಿದ್ದವರು, ಕೆನಡಾದ ಸಂಘಕ್ಕೂ ಆಗಿದ್ದವರು, ಮುಂದೆ ವಿಶ್ವ ಮನೋವೈದ್ಯ ಸಂಘದ ಮೊದಲ ಅಧ್ಯಕ್ಷರಾದವರು. ಯುದ್ಧದ ನಂತರ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕ ರುಡಾಲ್ಫ್ ಹೆಸ್‌ನ ಮಾನಸಿಕ ಸ್ಥಿತಿ ಪರೀಕ್ಷಿಸಿದ ವೈದ್ಯರಲ್ಲಿ ಇವರೂ ಒಬ್ಬರು. ನ್ಯೂರೆಂಬರ್ಗ್‌ನಲ್ಲೇ 1947ರಲ್ಲಿ, ನಾಜಿ ವೈದ್ಯರ ವಿಚಾರಣೆಯ ಕೊನೆಗೆ, ಮನುಷ್ಯರ ಮೇಲೆ ಪ್ರಯೋಗ ಮಾಡುವುದಾದರೆ ಅವರ ಸ್ವಂತ ಒಪ್ಪಿಗೆ ಇರಲೇಬೇಕು ಅಂತ ನಿಯಮ ಬರೆದಿಟ್ಟದ್ದು.

ಕ್ಯಾಮರಾನ್ ಅವರ ಯೋಚನೆ ಹೀಗಿತ್ತು: ಕಾಯಿಲೆಯ ಮನಸ್ಸನ್ನು ಹಲಗೆ ಒರೆಸಿದ ಹಾಗೆ ಒರೆಸಿ, ಮೇಲೆ ಹೊಸದಾಗಿ ಬರೆಯಬೇಕು. ಅದರ ಬಗ್ಗೆ 1956ರಲ್ಲಿ ಒಂದು ಲೇಖನ ಪ್ರಕಟಿಸಿದರು. ಸಿಐಎ ಕಣ್ಣು ಅದರ ಮೇಲೆ ಬಿತ್ತು. ಮಾನವ ಪರಿಸರ ಸಂಶೋಧನೆಯ ಹೆಸರಿನ ಒಂದು ಮುಖವಾಡದ ಸಂಸ್ಥೆಯ ಮೂಲಕ 1957ರಿಂದ 1960ರವರೆಗೆ ದುಡ್ಡು ಬಂತು. ಎಂಕೆ-ಅಲ್ಟ್ರಾದ ಲೆಕ್ಕದಲ್ಲಿ ಅದು 68ನೇ ಉಪಯೋಜನೆ. ಅರ್ಜಿಯಲ್ಲಿ ಅವರೇ ವಿಧಾನ ಬರೆದಿದ್ದಾರೆ. ಮೊದಲು ಒಂದರ ಹಿಂದೆ ಒಂದು ಕರೆಂಟ್ ಶಾಕ್ ಕೊಟ್ಟು ರೋಗಿಯ ನಡವಳಿಕೆಯ ಹಳೆಯ ಜಾಡನ್ನೆಲ್ಲ ಅಳಿಸುವುದು. ಆಮೇಲೆ ಟೇಪಿನಲ್ಲಿ ಒಂದೇ ಮಾತನ್ನು ದಿನಕ್ಕೆ 16 ಗಂಟೆ, ಆರೇಳು ದಿನ ಕೇಳಿಸುವುದು. ಅಷ್ಟು ದಿನವೂ ಕಣ್ಣಿಗೆ, ಕಿವಿಗೆ ಬೇರೇನೂ ಬೀಳದ ಹಾಗೆ ನೋಡಿಕೊಳ್ಳುವುದು. ಕೊನೆಗೆ ಏಳರಿಂದ ಹತ್ತು ದಿನ ಔಷಧಿ ಕೊಟ್ಟು ನಿದ್ದೆಯಲ್ಲೇ ಇಡುವುದು. ಇಷ್ಟನ್ನೂ ಅವರು ಮುಚ್ಚುಮರೆ ಇಲ್ಲದೆ, ಸರಿಯಾದ ಕೆಲಸ ಅಂದುಕೊಂಡೇ ಬರೆದರು.

ಅಲ್ಲಿಗೆ ಬಂದವರು ಬೇಹುಗಾರರಲ್ಲ, ಕೈದಿಗಳಲ್ಲ. ಆತಂಕ ಅಂತ ಬಂದವರು, ಬಾಣಂತನದ ನಂತರ ಮನಸ್ಸು ಕುಗ್ಗಿದೆ ಅಂತ ಬಂದ ತಾಯಂದಿರು. ನನ್ನ ಓಪಿಡಿಯಲ್ಲಿ ದಿನಾ ಕಾಣುತ್ತಿದ್ದವರು ಇಂಥವರೇ. ವೆಲ್ಮಾ ಆರ್ಲಿಕೋ ಅವರಲ್ಲಿ ಒಬ್ಬರು. ಅವರ ಗಂಡ ಡೇವಿಡ್ ಆರ್ಲಿಕೋ ಕೆನಡಾದ ಸಂಸದ. ಹೆರಿಗೆಯ ನಂತರದ ಖಿನ್ನತೆ ಅಂತ ಹೋದ ವೆಲ್ಮಾಗೆ ಎಲ್‌ಎಸ್‌ಡಿ ಕೊಟ್ಟು ಟೇಪಿನ ಜೊತೆ ಕೂರಿಸಿದರು. ಇದರ ಹಿಂದೆ ಸಿಐಎ ದುಡ್ಡು ಇತ್ತು ಅಂತ ಅವರಿಗೆ ಗೊತ್ತಾದದ್ದು ಇಪ್ಪತ್ತು ವರ್ಷ ಆದ ಮೇಲೆ, ಪತ್ರಿಕೆ ಓದಿ. 1980ರಲ್ಲಿ ಅವರು ಕೇಸು ಹಾಕಿದರು, ಬೇರೆ ರೋಗಿಗಳೂ ಸೇರಿ ಒಂಬತ್ತು ಜನರಾದರು. 1988ರಲ್ಲಿ ಸಿಐಎ ಎಲ್ಲರಿಗೂ ಸೇರಿ 7,50,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 1992ರಲ್ಲಿ ಕೆನಡಾ ಸರ್ಕಾರ 77 ಜನರಿಗೆ ತಲಾ ಒಂದು ಲಕ್ಷ ಕೆನಡಾ ಡಾಲರ್ ಕೊಟ್ಟಿತು. ಬಹಳ ಜನರ ಅರ್ಜಿ ತಿರಸ್ಕಾರವಾಯಿತು. ಅಲ್ಲಿಂದ ಹೊರಬಂದ ಕೆಲವರಿಗೆ ಮದುವೆ ನೆನಪಿಲ್ಲ, ಮಕ್ಕಳು ಹುಟ್ಟಿದ್ದು ನೆನಪಿಲ್ಲ. ಹಲಗೆ ಒರೆಸಿತ್ತು, ಅದರ ಮೇಲೆ ಹೊಸದಾಗಿ ಏನೂ ಮೂಡಲಿಲ್ಲ.

ಇಲ್ಲಿ ಒಂದು ಮಾತು ಸೇರಿಸಲೇಬೇಕು, ಇಲ್ಲದಿದ್ದರೆ ಯಾರಾದರೂ ಹೆದರಿ ಚಿಕಿತ್ಸೆ ಬಿಟ್ಟಾರು. ಇವತ್ತು ನಮ್ಮ ಆಸ್ಪತ್ರೆಗಳಲ್ಲಿ ತೀವ್ರ ಖಿನ್ನತೆಗೆ ಕೊಡುವ ಇಸಿಟಿ, ಅಂದರೆ ಕರೆಂಟ್ ಚಿಕಿತ್ಸೆ, ಬೇರೆ, ಕ್ಯಾಮರಾನ್ ಕೊಟ್ಟದ್ದು ಬೇರೆ. ಈಗ ಅರಿವಳಿಕೆ ಕೊಟ್ಟು, ಸ್ನಾಯು ಸಡಿಲವಾಗುವ ಔಷಧಿ ಕೊಟ್ಟು, ವಾರಕ್ಕೆ ಎರಡು ಮೂರು ಸಲ, ಲೆಕ್ಕ ಇಟ್ಟು ಕೊಡುತ್ತಾರೆ. ಅರಿವಳಿಕೆ ಇಲ್ಲದೆ ಕೊಡುವುದನ್ನು ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ನಿಷೇಧಿಸಿದೆ. ಅದರಿಂದ ಜೀವ ಉಳಿದವರನ್ನು ನಾನು ನೋಡಿದ್ದೇನೆ.

ಹಾಗಂತ ನಾವೆಲ್ಲ ಯಾವಾಗಲೂ ಸರಿಯಾಗಿಯೇ ನಡೆದುಕೊಂಡೆವು ಅಂತಲ್ಲ. ನಾನು ಇನ್ನೂ ಕಿರಿಯ ವೈದ್ಯನಾಗಿದ್ದಾಗ ಒಂದು ಆಸ್ಪತ್ರೆಯಲ್ಲಿ, ಹಳ್ಳಿಯಿಂದ ಬಂದ ಒಬ್ಬ ವಯಸ್ಸಾದ ಹೆಂಗಸಿನ ಹೆಬ್ಬೆಟ್ಟನ್ನು ಒಪ್ಪಿಗೆ ಪತ್ರಕ್ಕೆ ಒತ್ತಿಸಿಕೊಂಡೆ. ಆ ಪತ್ರ ಇಂಗ್ಲಿಷಿನಲ್ಲಿತ್ತು. ‘ಏನಪ್ಪಾ ಇದು?’ ಅಂತ ಆಕೆ ಕೇಳಿದರು. ‘ಏನಿಲ್ಲಮ್ಮಾ, ಸುಮ್ನೆ ಫಾರ್ಮಾಲಿಟಿ’ ಅಂದೆ. ಚಿಕಿತ್ಸೆ ಸರಿಯಾದದ್ದೇ, ಆಕೆ ಗುಣವಾಗಿ ಹೋದರು. ಆದರೂ ಎಂಕೆ-ಅಲ್ಟ್ರಾದ ಕಡತಗಳ ಬಗ್ಗೆ ಓದುವಾಗ ಆ ಹೆಬ್ಬೆಟ್ಟೇ ನನ್ನ ಕಣ್ಣ ಮುಂದೆ ಬರುತ್ತದೆ. ಕ್ಯಾಮರಾನ್ ಕೂಡ ‘ರೋಗಿಗೆ ಒಳ್ಳೆಯದಕ್ಕೇ’ ಅಂತ ನಂಬಿದ್ದರು.

ಈಗ ನಿಮ್ಮ ತಮ್ಮನಿಗೆ ತುಂಬಾ ಮುಖ್ಯವಾದ ಪ್ರಶ್ನೆಗೆ ಬರೋಣ. ಇಷ್ಟೆಲ್ಲ ಮಾಡಿ ಅವರಿಗೆ ವಶೀಕರಣದ ಮದ್ದು ಸಿಕ್ಕಿತಾ? ಸಿಗಲಿಲ್ಲ. 1977ರಲ್ಲಿ ಸಿಐಎ ಮುಖ್ಯಸ್ಥ ಸ್ಟಾನ್ಸ್‌ಫೀಲ್ಡ್ ಟರ್ನರ್ ಅಮೆರಿಕದ ಸೆನೆಟ್ ಮುಂದೆ ಲೆಕ್ಕ ಕೊಟ್ಟರು: 149 ಉಪಯೋಜನೆಗಳು, 80 ಸಂಸ್ಥೆಗಳು. ಆ ಸಂಸ್ಥೆಗಳಲ್ಲಿ 44 ಕಾಲೇಜು-ವಿಶ್ವವಿದ್ಯಾಲಯಗಳು, 12 ಆಸ್ಪತ್ರೆ-ಕ್ಲಿನಿಕ್‌ಗಳು, 3 ಜೈಲುಗಳು. ಇಷ್ಟು ದೊಡ್ಡ ಏರ್ಪಾಡು, ಯಾವ ಕಾನೂನಿನ ಹೆದರಿಕೆಯೂ ಇಲ್ಲದ ಜನ, ಕೈತುಂಬ ದುಡ್ಡು. ಇಷ್ಟಿದ್ದೂ ಒಬ್ಬನೇ ಒಬ್ಬ ಮನುಷ್ಯನನ್ನು ಬೊಂಬೆಯ ಹಾಗೆ ಆಡಿಸಲು ಅವರಿಂದ ಆಗಲಿಲ್ಲ. ಎಲ್‌ಎಸ್‌ಡಿ ಕೊಟ್ಟರೆ ಒಬ್ಬ ನಗುತ್ತಾನೆ, ಒಬ್ಬ ಅಳುತ್ತಾನೆ, ಇನ್ನೊಬ್ಬ ಮೂಲೆ ಸೇರುತ್ತಾನೆ. ಹೇಳಿದ ಕೆಲಸ ಮಾಡುವುದಿಲ್ಲ. ಸಮ್ಮೋಹನದಲ್ಲೂ ಅದೇ ಕಥೆ. ಕೊನೆಗೆ ಗಾಟ್ಲೀಬ್ ಅವರೇ ಇದು ಕೆಲಸಕ್ಕೆ ಬಾರದ್ದು ಅನ್ನುವ ತೀರ್ಮಾನಕ್ಕೆ ಬಂದರು. ಅವರ ಹೆಂಡತಿ ಮಾರ್ಗರೆಟ್ ಭಾರತದಲ್ಲಿ ಹುಟ್ಟಿದವರು, ಮಿಷನರಿಗಳ ಮಗಳು. ನಿವೃತ್ತಿಯ ನಂತರ ದಂಪತಿ ಭಾರತಕ್ಕೆ ಬಂದು ಒಂದು ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಗಾಟ್ಲೀಬ್ ಮನಸ್ಸಿನಲ್ಲಿ ಆಗ ಏನಿತ್ತೋ, ಆ ಚಿತ್ರವನ್ನು ನಾನು ತಲೆಯಿಂದ ತೆಗೆಯಲಾರೆ.

ಇನ್ನೊಂದು ಸಂಗತಿ ಕೇಳಿ. ಚೀನಾ, ರಷ್ಯಾದವರು ಸೆರೆ ಸಿಕ್ಕವರಿಗೆ ಏನು ಮಾಡುತ್ತಿದ್ದರು ಅಂತ ಹೆರಾಲ್ಡ್ ವುಲ್ಫ್, ಲಾರೆನ್ಸ್ ಹಿಂಕಲ್ ಅನ್ನುವ ಇಬ್ಬರು ವೈದ್ಯರು ಸಿಐಎಗಾಗಿಯೇ ಅಧ್ಯಯನ ಮಾಡಿ 1956ರಲ್ಲಿ ವರದಿ ಪ್ರಕಟಿಸಿದರು. ಗುಟ್ಟಿನ ಮದ್ದು ಯಾವುದೂ ಇರಲಿಲ್ಲ. ಒಂಟಿಯಾಗಿ ಕೂಡಿಹಾಕುವುದು, ನಿದ್ದೆ ಕೊಡದಿರುವುದು, ಹಸಿವು, ಚಳಿ, ಮುಗಿಯದ ಪ್ರಶ್ನೆಗಳು. ಪೊಲೀಸರ ಹಳೆಯ ವಿದ್ಯೆಯೇ. ಯಾವ ಭೂತಕ್ಕೆ ಹೆದರಿ ಎಂಕೆ-ಅಲ್ಟ್ರಾ ಶುರು ಮಾಡಿದ್ದರೋ ಆ ಭೂತವೇ ಇರಲಿಲ್ಲ. ಪ್ರಯೋಗಗಳು ಮಾತ್ರ ಆಮೇಲೂ ವರ್ಷಗಟ್ಟಲೆ ನಡೆದವು.

ಮನುಷ್ಯನ ಮನಸ್ಸನ್ನು ಮುರಿಯಬಹುದು, ಅದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಮುರಿದ ಮನಸ್ಸು ಮಾತ್ರ ಮುರಿದವನ ಮಾತು ಕೇಳುವುದಿಲ್ಲ. ಇದನ್ನು ನಿಮ್ಮ ತಮ್ಮನ ಜೊತೆ ನಿಧಾನವಾಗಿ ಮಾತಾಡಿ.

‘ಹಾಗಾದರೆ ದಾಖಲೆ ಯಾಕೆ ನಾಶ ಮಾಡಿದರು?’ ಅಂತ ಅವನು ಕೇಳಬಹುದು. ನ್ಯಾಯವಾದ ಪ್ರಶ್ನೆ. 1973ರಲ್ಲಿ ಆಗಿನ ಸಿಐಎ ಮುಖ್ಯಸ್ಥ ರಿಚರ್ಡ್ ಹೆಲ್ಮ್ಸ್ ಎಂಕೆ-ಅಲ್ಟ್ರಾ ಕಡತಗಳನ್ನೆಲ್ಲ ನಾಶ ಮಾಡಿಸಿದರು. ಆದರೆ ಖರ್ಚು-ವೆಚ್ಚದ ಏಳು ಪೆಟ್ಟಿಗೆ ಬೇರೊಂದು ಗೋದಾಮಿನಲ್ಲಿದ್ದವು, ಅವು ಉಳಿದುಕೊಂಡವು. ಹಿಂದೆ ವಿದೇಶಾಂಗ ಇಲಾಖೆಯಲ್ಲಿದ್ದ ಜಾನ್ ಮಾರ್ಕ್ಸ್ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದರಿಂದ 1977ರಲ್ಲಿ ಆ ಸುಮಾರು 20,000 ಪುಟ ಹೊರಬಂದವು. ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಬಂದದ್ದು ಆ ಬಿಲ್ಲು, ವೋಚರ್‌ಗಳಿಂದ ಮತ್ತು ಸೆನೆಟ್ ಮುಂದೆ ಕೊಟ್ಟ ಸಾಕ್ಷಿಗಳಿಂದ. ನಾಶವಾದ ಕಡತಗಳ ಜೊತೆ ಹೆಸರುಗಳೂ ಹೋದವು. ಎಷ್ಟೋ ಜನಕ್ಕೆ ತಮ್ಮ ಮೇಲೆ ಪ್ರಯೋಗ ನಡೆದಿತ್ತು ಅನ್ನುವುದು ಸಾಯುವವರೆಗೂ ಗೊತ್ತಾಗಲಿಲ್ಲ, ಪರಿಹಾರ ಕೇಳಲೂ ಆಗಲಿಲ್ಲ. ಕಡತ ನಾಶ ಮಾಡಿದ್ದರ ನಿಜವಾದ ಪಾಪ ಇದು.

ನಮ್ಮ ಕರ್ನಾಟಕಕ್ಕೂ ಇದಕ್ಕೂ ಒಂದು ಎಳೆ ಇದೆ. ಬ್ಲೂಬರ್ಡ್, ಆರ್ಟಿಚೋಕ್ ಕಾಲದಲ್ಲಿ ಅವರು ನೆಚ್ಚಿಕೊಂಡಿದ್ದ ಔಷಧಿಗಳಲ್ಲಿ ಸೋಡಿಯಂ ಪೆಂಟೋಥಾಲ್ ಒಂದು. ಅರಿವಳಿಕೆಗೆ ಬಳಸುವ ಔಷಧಿ, ಕಡಿಮೆ ಕೊಟ್ಟರೆ ಮನುಷ್ಯ ಅರೆನಿದ್ದೆಯಲ್ಲಿ ಮಾತಾಡುತ್ತಾನೆ. 2000ದ ದಶಕದಲ್ಲಿ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ಇದೇ ಔಷಧಿಯ ಮಂಪರು ಪರೀಕ್ಷೆಗೆ ದೇಶಕ್ಕೆಲ್ಲ ಹೆಸರಾಗಿತ್ತು. ಛಾಪಾ ಕಾಗದ ಹಗರಣದ ತೆಲಗಿಯ ಮಂಪರು ಪರೀಕ್ಷೆಯ ವಿಡಿಯೋ ಟಿವಿಯಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ನಾವೆಲ್ಲ ಬೆರಗಿನಿಂದ ನೋಡಿದೆವು. ಮಂಪರಿನಲ್ಲಿರುವವನು ಸತ್ಯವನ್ನೇ ಹೇಳುತ್ತಾನೆ ಅಂತ ಜನ ನಂಬಿದರು. ಅದು ತಪ್ಪು. ಮಂಪರಿನಲ್ಲೂ ಸುಳ್ಳು ಹೇಳಬಹುದು, ಕೇಳುವವನು ಸೂಚಿಸಿದ್ದಕ್ಕೆ ತಲೆಯಾಡಿಸಬಹುದು, ಕನಸನ್ನೂ ನಿಜವನ್ನೂ ಬೆರೆಸಬಹುದು. ಸತ್ಯದ ಮದ್ದು ಅಂತ ಯಾವುದೂ ಇಲ್ಲ ಅಂತ ಸಿಐಎಯ ಒಳಪತ್ರಿಕೆಯಲ್ಲೇ 1961ರಲ್ಲಿ ಲೇಖನ ಬಂದಿತ್ತು. ನಮ್ಮಲ್ಲಿ ಅದಕ್ಕೆ ತಡೆ ಬಿದ್ದದ್ದು 2010ರ ಮೇ 5ರಂದು, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ, ಯಾವುದನ್ನೂ ಒಬ್ಬ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ಆ ತೀರ್ಪಿನ ಹೆಸರಿನಲ್ಲಿ ನಮ್ಮ ರಾಜ್ಯ ಇದೆ ಅನ್ನುವುದನ್ನು ನಾವು ಮರೆಯಬಾರದು.

ಇನ್ನು ಟವರ್. ಮೊಬೈಲ್ ಅಲೆಗೆ ನಿಮ್ಮ ಫೋನನ್ನು ರಿಂಗಣಿಸಲು ಆಗುತ್ತದೆ, ಏಕೆಂದರೆ ಆ ಅಲೆಯನ್ನು ಓದುವ ಯಂತ್ರ ಫೋನಿನಲ್ಲಿದೆ. ನಮ್ಮ ತಲೆಯಲ್ಲಿ ಅಂಥ ಯಂತ್ರ ಇಲ್ಲ. ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಯೋಚನೆ ಅಂದರೆ ಅವುಗಳಲ್ಲಿ ಎಷ್ಟೋ ಕೋಶಗಳು ಒಂದು ಹದದಲ್ಲಿ ಒಟ್ಟಿಗೆ ಮಿಡಿಯುವುದು. ಆ ಹದ ನಿಮ್ಮದು ಬೇರೆ, ನನ್ನದು ಬೇರೆ. ಪಾರ್ಕಿನ್‌ಸನ್ ಕಾಯಿಲೆಯವರಿಗೆ ತಲೆಬುರುಡೆಗೆ ತೂತು ಕೊರೆದು, ಮಿದುಳಿನ ಆಳಕ್ಕೆ ತಂತಿ ಇಳಿಸಿ ಕರೆಂಟ್ ಕೊಡುವ ಚಿಕಿತ್ಸೆ ಇದೆ. ತಂತಿ ಅಷ್ಟು ಒಳಗೆ ಹೋದರೂ ಆಗುವುದು ಕೈ ನಡುಕ, ಬಿಗಿತ ಕಡಿಮೆಯಾಗುವುದು. ಇಂಥದ್ದನ್ನೇ ಯೋಚಿಸು ಅಂತ ಹೇಳಿಸಲು ಆಗುವುದಿಲ್ಲ. ಊರಾಚೆಯ ಟವರ್‌ನಿಂದ ಆಗುವ ಮಾತೇ ಇಲ್ಲ.

ಇದನ್ನೆಲ್ಲ ಹೇಳಿದ ಕೂಡಲೇ ಅವನು ಒಪ್ಪುತ್ತಾನೆ ಅಂತ ಎಣಿಸಬೇಡಿ. ನಾನು ಕೆಲಸ ಶುರು ಮಾಡಿದ ಕಾಲದಲ್ಲಿ ಓಪಿಡಿಗೆ ಬರುತ್ತಿದ್ದ ಕೆಲವು ಹುಡುಗರು ‘ಯಾರೋ ಮಾಟ ಮಾಡಿಸಿದ್ದಾರೆ’ ಅನ್ನುತ್ತಿದ್ದರು. ಆಮೇಲೆ ರೇಡಿಯೋ ಬಂತು, ಟಿವಿಯಲ್ಲಿ ವಾರ್ತೆ ಓದುವವಳು ತನ್ನ ಬಗ್ಗೆಯೇ ಹೇಳುತ್ತಾಳೆ ಅನ್ನುವುದು ಬಂತು. ಈಗ ಚಿಪ್, ಟವರ್, ಸಿಐಎ. ಹೆಸರು ಬದಲಾಗಿದೆ, ಒಳಗಿನ ಸಂಕಟ ಅದೇ. ನಿಮ್ಮ ತಮ್ಮನಿಗೆ ಅಂಥ ಕಾಯಿಲೆ ಇದೆ ಅಂತ ಒಂದು ಪತ್ರ ಓದಿ ನಾನು ಹೇಳಲಾರೆ, ಹೇಳಬಾರದು. ಬರೀ ವಿಡಿಯೋ ನೋಡಿ ತಲೆಗೆ ಹಚ್ಚಿಕೊಂಡಿರಲೂಬಹುದು. ಆದರೆ ‘ನನ್ನ ಮೇಲೂ ನಡೆಯುತ್ತಿದೆ’ ಅನ್ನುತ್ತಿದ್ದಾನೆ, ಆರು ತಿಂಗಳಾಗಿದೆ, ಬಾಗಿಲು ಹಾಕಿಕೊಳ್ಳುತ್ತಿದ್ದಾನೆ. ತಡ ಮಾಡಬೇಡಿ. ರಾತ್ರಿ ನಿದ್ದೆ ಮಾಡುತ್ತಾನಾ, ಒಬ್ಬನೇ ಮಾತಾಡುತ್ತಾನಾ, ಕಿವಿಗೆ ಏನೋ ಕೇಳಿಸಿಕೊಳ್ಳುವವನ ಹಾಗೆ ಇರುತ್ತಾನಾ, ಗಾಂಜಾ ಅಭ್ಯಾಸ ಇದೆಯಾ, ಗಮನಿಸಿ. ಅವನ ಜೊತೆ ವಾದಕ್ಕೆ ಇಳಿಯಬೇಡಿ. ಟವರ್ ಮಾತಿಗೆ ಹೂಂ ಅನ್ನಲೂಬೇಡಿ. ‘ಅಮೆರಿಕದಲ್ಲಿ ನಡೆದದ್ದು ನಿಜ, ನಾನೂ ಓದಿದೆ. ನಿನ್ನ ಮೇಲೆ ನಡೆಯುತ್ತಿದೆ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ನಿನಗೆ ಭಯ ಆಗುತ್ತಿದೆ, ನಿದ್ದೆ ಬರುತ್ತಿಲ್ಲ, ಅದಕ್ಕೆ ಒಬ್ಬರನ್ನು ನೋಡೋಣ’ ಅನ್ನಿ. ನಿಮ್ಮ ಜಿಲ್ಲಾಸ್ಪತ್ರೆಯಲ್ಲೇ ಮನೋವೈದ್ಯರು ಸಿಗುತ್ತಾರೆ. ಹೇಗೆ ಕರೆದೊಯ್ಯುವುದು ಅಂತ ತೋಚದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮತ್ತೆ ಇದೊಂದನ್ನು ದಯವಿಟ್ಟು ನಡೆಸಿಕೊಡಿ. ಡಾಕ್ಟರು ಮಾತ್ರೆ ಬರೆದುಕೊಟ್ಟಾಗ, ಅವನು ಬೇಡ ಅಂದ ಅಂತ, ಯಾರಾದರೂ ನಿಮಗೆ ಸಲಹೆ ಕೊಡುತ್ತಾರೆ: ಪುಡಿ ಮಾಡಿ ಕಾಫಿಯಲ್ಲಿ ಹಾಕಿಬಿಡಿ, ಸಾರಿನಲ್ಲಿ ಕಲಸಿಬಿಡಿ ಅಂತ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಾಗೆ ಮಾಡುತ್ತಾರೆ, ಪ್ರೀತಿಯಿಂದಲೇ ಮಾಡುತ್ತಾರೆ. ನೀವು ಮಾಡಬೇಡಿ. ಯಾರೋ ತನಗೆ ಗುಟ್ಟಾಗಿ ಏನೋ ಕೊಡುತ್ತಿದ್ದಾರೆ ಅಂತ ಹೆದರಿರುವ ಹುಡುಗ ಅವನು. ಲೋಟದ ತಳದಲ್ಲಿ ಒಂದು ದಿನ ಬಿಳಿ ಪುಡಿ ಕಂಡರೆ ಅವನ ಭಯ ನಿಜವಾಗಿಬಿಡುತ್ತದೆ, ಆಮೇಲೆ ಈ ಮನೆಯಲ್ಲಿ ಅವನು ನಂಬಲು ಯಾರೂ ಉಳಿಯುವುದಿಲ್ಲ. ಮಾತ್ರೆಯ ಪಟ್ಟಿಯನ್ನು ಅವನ ಕೈಗೇ ಕೊಡಿ. ಹೆಸರು ಅವನೇ ಓದಲಿ, ಏನು ಮಾಡುತ್ತದೆ, ಏನು ತೊಂದರೆ ಬರಬಹುದು ಅಂತ ಡಾಕ್ಟರನ್ನು ಅವನೇ ಕೇಳಲಿ. ಎರಡು ಭೇಟಿ ಬೇಕಾಗಬಹುದು, ನಾಲ್ಕೂ ಬೇಕಾಗಬಹುದು. ಮೊದಲ ದಿನ ನೀವೂ ಜೊತೆಗೆ ಹೋಗಿ.